ಹಿಂದಿನಿಂದ ಓದಿದರೂ ಒಂಬತ್ತರ ಮಗ್ಗಿ!

ನಮಸ್ಕಾರ. ಮಕ್ಕಳಿಗೆ ಒಂಬತ್ತರ ಮಗ್ಗಿ ಗಡಗಡ ಅಂತ ಬರುತ್ತದೆ. ಆದರೆ "63 ಈ ಮಗ್ಗಿಯಲ್ಲಿ ಇದೆಯಾ?" ಅಂತ ಕೇಳಿ. ತುಂಬ ಮಕ್ಕಳು "ಒಂಬತ್ತೊಂದ್ಲೆ ಒಂಬತ್ತು" ಅಂತ ಮೊದಲಿನಿಂದ ಶುರು ಮಾಡುತ್ತಾರೆ. ಬಾಯಿಪಾಠ ಆಗಿದೆ, ಸಂಖ್ಯೆಯ ಪರಿಚಯ ಆಗಿಲ್ಲ. ಏನು ಮಾಡೋದು ಅಂತ ಕೇಳುವ ಅಪ್ಪ-ಅಮ್ಮಂದಿರಿಗೆ ನಾನು ಹೇಳುವುದು ಒಂದೇ: ಸಂಖ್ಯೆ ಹುಡುಕುವ ಆಟ ಆಡಿಸಿ.

ಪದ ಹುಡುಕುವ ಚೌಕ ನೋಡಿದ್ದೀರಲ್ವಾ? ಇದೂ ಅದೇ, ಅಕ್ಷರದ ಬದಲು ಅಂಕಿ. ಅಡ್ಡ, ಉದ್ದ, ಓರೆ, ಹಿಂದುಮುಂದು ಹೇಗೆ ಬೇಕಾದರೂ ಓದಬಹುದು. "9ರ ಅಪವರ್ತ್ಯಗಳಿಗೆ, ಅಂದರೆ 9ರಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗಳಿಗೆ, ಸುತ್ತು ಹಾಕು" ಅಂದರೆ ಆಟ ಶುರು.

ಈಗ ನನಗೆ ತುಂಬ ಇಷ್ಟವಾದ ಒಂದು ಸಾಲು.

(ತೆರೆಯ ಮೇಲೆ: 2 7 3 6 4 5 1 8)

ಪಕ್ಕಪಕ್ಕದ ಎರಡೆರಡು ಅಂಕಿ ಜೋಡಿಸಿ. ಎಡದಿಂದ ಓದಿದರೆ 27, 36, 45, 18. ಈಗ ಬಲದಿಂದ ಬನ್ನಿ: 81, 54, 63, 72. ನೋಡಿದಿರಾ? 18ರಿಂದ 81ರವರೆಗಿನ ಒಂಬತ್ತರ ಮಗ್ಗಿ ಪೂರ್ತಿ ಎಂಟೇ ಮನೆಯಲ್ಲಿ ಕೂತಿದೆ!

7ಕ್ಕೂ ಹೀಗೇ ಆಗುತ್ತದಾ?

(ತೆರೆಯ ಮೇಲೆ: 1 4 2 8 5 6)

ಒಂದೊಂದೇ ಮನೆ ಸರಿಯುತ್ತಾ ಓದಿದರೆ 14, 42, 28, 85, 56. 85 ಬಿಟ್ಟು ನಾಲ್ಕು ಸಿಕ್ಕವು. ತಿರುಗಿಸಿ ಓದಿ: 65, 58, 82, 24, 41. ಒಂದೂ 7ರ ಮಗ್ಗಿಯದಲ್ಲ.

ಯಾಕೆ ಹೀಗೆ? ಉತ್ತರ ಇರುವುದು ಸ್ಥಾನಬೆಲೆಯಲ್ಲಿ. ಪೊರಕೆಕಡ್ಡಿ ಮುರಿದು, ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ. 36 ಅಂದರೆ ಮೂರು ಕಟ್ಟು, ಆರು ಬಿಡಿ. ಒಂದೊಂದು ಕಟ್ಟಿನಿಂದ ಒಂದೊಂದು ಕಡ್ಡಿ ಎಳೆಯಿರಿ. ಈಗ ಪ್ರತಿ ಕಟ್ಟಿನಲ್ಲೂ 9 ಇದೆ. ಎಳೆದ ಮೂರಕ್ಕೆ ಬಿಡಿ ಆರು ಸೇರಿಸಿದರೆ ಇನ್ನೊಂದು 9. ಏನೂ ಮಿಗಲಿಲ್ಲ. 63ಕ್ಕೆ ಆರು ಕಟ್ಟು, ಮೂರು ಬಿಡಿ. ಎಳೆದದ್ದು ಆರು, ಬಿಡಿ ಮೂರು, ಮತ್ತೆ 9! ಅಂಕಿಗಳು ಜಾಗ ಬದಲಾಯಿಸಿದ್ದಕ್ಕೆ ಕಡ್ಡಿ 27 ಜಾಸ್ತಿಯಾದವು. ಆದರೆ ಕಟ್ಟಿನ ಹೊರಗಿನ ಗುಡ್ಡೆ ಅಷ್ಟೇ ಇದೆ.

7ಕ್ಕಾದರೆ ಕಟ್ಟಿನಲ್ಲಿ 7 ಉಳಿಯಲು ಒಂದು ಕಟ್ಟಿನಿಂದ ಮೂರು ಕಡ್ಡಿ ಎಳೆಯಬೇಕು. 14ರಲ್ಲಿ ಮೂರು ಎಳೆದು, ನಾಲ್ಕು ಬಿಡಿ ಸೇರಿಸಿದರೆ 7. ಸರಿಹೋಯಿತು. 41ರಲ್ಲಿ ನಾಲ್ಕು ಕಟ್ಟಿನಿಂದ ಹನ್ನೆರಡು ಬರುತ್ತವೆ, ಒಂದು ಬಿಡಿ ಸೇರಿ 13. ಕೆಟ್ಟಿತು. ಇಲ್ಲಿ ಹತ್ತರ ಸ್ಥಾನದಲ್ಲಿ ಯಾರು ಕೂತಿದ್ದಾರೆ ಅನ್ನುವುದೇ ಮುಖ್ಯ.

"ಅಂಕಿ ಕೂಡಿಸಿ 9 ಬಂದರೆ ಸಾಕು" ಅಂತ ಸುಮ್ನೆ ಸೂತ್ರ ಹೇಳಿಕೊಡುವುದು ನನಗೆ ಒಪ್ಪಿಗೆಯಿಲ್ಲ. ಕಡ್ಡಿಯನ್ನು ಮಗುವೇ ಎಳೆಯಬೇಕು. ಆಗ ಆ ಸೂತ್ರವನ್ನು ಅದೇ ನಿಮಗೆ ಹೇಳುತ್ತದೆ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. 3ರ ಮಗ್ಗಿಯನ್ನೂ 9ರ ಹಾಗೆ ಎರಡೂ ಕಡೆಯಿಂದ ಓದಬಹುದು. ಚೌಕದಲ್ಲಿ ಸೊನ್ನೆ ಇರಲೇಬೇಕು, ಜಾಗ ಬದಲಾದರೆ ಬೆಲೆ ಬದಲಾಗುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ: 70 ತಿರುಗಿಸಿದರೆ 07, ಅಂದರೆ ಬರೀ 7. ಸ್ವಲ್ಪ ದೊಡ್ಡ ಮಕ್ಕಳಿಗೆ ಮೂರಂಕಿ ಕೊಡಿ: 108 ತಿರುಗಿಸಿದರೆ 801, ಅದೂ 9ರದ್ದೇ.

ಮನೆಯಲ್ಲೇ ಮಾಡೋದಾದರೆ ಲೆಕ್ಕದ ಚೌಕಳಿ ಪುಸ್ತಕ ಸಾಕು. ಮೊದಲು ಬೇಕಾದ ಸಂಖ್ಯೆಗಳನ್ನು ಬರೆದು, ಖಾಲಿ ಮನೆಗಳಿಗೆ ಬೇರೆ ಅಂಕಿ ತುಂಬಿ. ತುಂಬುವಾಗ ನಿಮಗೇ ಗೊತ್ತಿಲ್ಲದೆ ಇನ್ನಷ್ಟು ಅಪವರ್ತ್ಯಗಳು ಹುಟ್ಟಿಕೊಳ್ಳುತ್ತವೆ. ಮಗು ಅದಕ್ಕೆ ಸುತ್ತು ಹಾಕಿದರೆ, ಉತ್ತರದ ಪಟ್ಟಿಯಲ್ಲಿ ಇಲ್ಲ ಅಂತ ತಪ್ಪು ಹಾಕಬೇಡಿ. "ಕಡ್ಡಿಯಲ್ಲಿ ಮಾಡಿ ತೋರಿಸು" ಅನ್ನಿ. ಸರಿ ಇದ್ದರೆ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.