ಮಾರಿಸ್ ಮೈನರ್‌ಗೆ ಹೊಸ ಬ್ಯಾಟರಿ: ಜಾಗ ಎಷ್ಟು, ಧ್ರುವ ಎತ್ತ

ನಮಸ್ಕಾರ. ಹಳೆಯ ಬ್ಯಾಟರಿಯನ್ನು ಆಗಲೇ ಇಳಿಸಿಟ್ಟಿದ್ದೇನೆ. ಬಿಚ್ಚುವ ಕೆಲಸವನ್ನು ನೀವು ಈ ವಿಡಿಯೊದಲ್ಲಿ ಕಣ್ಣಾರೆ ನೋಡಿದ್ದರಿಂದ ಅದನ್ನು ಮತ್ತೆ ವಿವರಿಸುವುದಿಲ್ಲ. ಆದರೆ ನಾನು ಮೊದಲು ಪಾಸಿಟಿವ್ ತಂತಿಯನ್ನು ಬಿಚ್ಚಿದ್ದನ್ನು ಕಂಡು, ನೆಗೆಟಿವ್ ಮೊದಲು ಎಂದು ಕಲಿತವರು ಹುಬ್ಬೇರಿಸಿರಬಹುದು. ಇದು 1950ರ ದಶಕದ ಕೊನೆಯ ಮಾರಿಸ್ ಮೈನರ್. ಇದರಲ್ಲಿ ಕಾರಿನ ಲೋಹದ ಮೈಗೆ ಸೇರಿಕೊಂಡಿರುವುದು ಪಾಸಿಟಿವ್ ಧ್ರುವ. ಇದನ್ನೇ ಪಾಸಿಟಿವ್ ಅರ್ಥ್ ಎನ್ನುತ್ತಾರೆ. ಚಿಹ್ನೆ ಯಾವುದೇ ಇರಲಿ, ಮೈಗೆ ಸೇರಿದ ತಂತಿಯನ್ನೇ ಮೊದಲು ಬಿಚ್ಚಬೇಕು ಮತ್ತು ಕೊನೆಯಲ್ಲಿ ಜೋಡಿಸಬೇಕು. ಕೈಯಲ್ಲಿರುವ ಸ್ಪ್ಯಾನರ್ ಜಾರಿ ಮೈಗೆ ತಾಗಿದರೂ ಕಿಡಿ ಹಾರಬಾರದೆಂಬುದಷ್ಟೇ ಆ ನಿಯಮದ ಉದ್ದೇಶ.

ಹಳೆಯ ಕಾರಿನ ಬ್ಯಾಟರಿ ಎಂದು ಒಂದೇ ಮಾತಿನಲ್ಲಿ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಅಮೆರಿಕದ ಫೋರ್ಡ್ ಕಾರುಗಳು 1955ರವರೆಗೆ 6 ವೋಲ್ಟ್, ಪಾಸಿಟಿವ್ ಅರ್ಥ್ ಪದ್ಧತಿಯಲ್ಲಿದ್ದು, 1956ರ ಮಾದರಿಗಳಲ್ಲಿ 12 ವೋಲ್ಟ್, ನೆಗೆಟಿವ್ ಅರ್ಥ್‌ಗೆ ಬದಲಾದವು. 1960ರ ದಶಕದ ಮಧ್ಯದವರೆಗಿನ ಫೋಕ್ಸ್‌ವ್ಯಾಗನ್ ಬೀಟಲ್‌ಗಳಲ್ಲಿ ಇರುವುದು 6 ವೋಲ್ಟ್ ಬ್ಯಾಟರಿ, ಅದೂ ಹಿಂದಿನ ಸೀಟಿನ ಕೆಳಗೆ. ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಆರಂಭದ ಮಾದರಿಗಳಲ್ಲಂತೂ ಸೀಟುಗಳ ಹಿಂದೆ ಎರಡು 6 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 12 ವೋಲ್ಟ್ ಮಾಡಿಕೊಳ್ಳುತ್ತಿದ್ದರು. ಇದರ ಮೇಲೆ, ನಡುವೆ ಯಾರಾದರೂ ಮಾಲೀಕರು ಅರ್ಥ್ ದಿಕ್ಕನ್ನು ಬದಲಾಯಿಸಿರುವ ಸಾಧ್ಯತೆಯೂ ಉಂಟು. ಆದ್ದರಿಂದ ಕೈಪಿಡಿಯನ್ನು ಓದಿದ ನಂತರವೂ, ಯಾವ ತಂತಿ ಮೈಗೆ ಹೋಗುತ್ತದೆ ಎಂಬುದನ್ನು ಕಣ್ಣಿನಿಂದಲೇ ಹಿಂಬಾಲಿಸಿ ನೋಡಿ.

ಈಗ ತೆರೆಯ ಮೇಲೆ ಬಿಳಿಯ ನೊರೆ ಕಾಣುತ್ತಿದೆ. ಬ್ಯಾಟರಿ ಕೂರುವ, ಆಮ್ಲ ಸೋರಿದ ತಟ್ಟೆಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆಯುತ್ತಿದ್ದೇನೆ. ನೊರೆ ನಿಂತ ಮೇಲೆ ಶುದ್ಧ ನೀರು ಹಾಕಿ, ಒರೆಸಿ, ಬಣ್ಣ ಬಳಿದರೆ ಮುಗಿಯಿತು.

ನನ್ನ ಸಹನೆಯನ್ನು ಕೆಣಕಿದ ಸಂಗತಿಗೆ ಈಗ ಬರುತ್ತೇನೆ. ಮಾರಾಟಗಾರರ ಪಟ್ಟಿಯಲ್ಲಿ "ಸರಿಹೊಂದುತ್ತದೆ" ಎಂದು ಬರೆದಿದ್ದ ಬ್ಯಾಟರಿ ಇದು. ಉದ್ದ, ಅಗಲ, ಎತ್ತರ, ಆಂಪಿಯರ್ ಅವರ್ (ಅಂದರೆ ಸಾಮರ್ಥ್ಯ) ಎಲ್ಲವೂ ಸರಿಯಾಗಿಯೇ ಇವೆ. ಆದರೆ ಪಾಸಿಟಿವ್ ಕಂಬ, ಅಂದರೆ ತಂತಿ ಜೋಡಿಸುವ ಸೀಸದ ಮೊಳೆ, ಇರಬೇಕಾದ ಕಡೆ ನೆಗೆಟಿವ್ ಇದೆ. ಅದನ್ನು ತಿರುಗಿಸಿ ಇಟ್ಟರಾಯಿತಲ್ಲ ಎಂದು ಫೋನಿನಲ್ಲಿ ನನಗೆ ಸಲಹೆಯೂ ಬಂತು. ತಿರುಗಿಸಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ತೋರಿಸುತ್ತೇನೆ, ಗಮನವಿಟ್ಟು ನೋಡಿ. ಎರಡು ಕಂಬಗಳೂ ಬ್ಯಾಟರಿಯ ನಡುಗೆರೆಯ ಮೇಲಿಲ್ಲ. ಒಂದು ಉದ್ದನೆಯ ಅಂಚಿಗೆ ಒತ್ತಿಕೊಂಡಿವೆ. ಹೀಗಾಗಿ ಎಡಬಲ ಸರಿಪಡಿಸಲು ಬ್ಯಾಟರಿಯನ್ನು ಅರ್ಧ ಸುತ್ತು ತಿರುಗಿಸಿದಾಗ, ಹಿಂದಿದ್ದ ಕಂಬಗಳು ಮುಂದಿನ ಅಂಚಿಗೆ ಬರುತ್ತವೆ. ಆ ಅಂಚಿನ ಪಕ್ಕದಲ್ಲಿಯೇ ಬ್ಯಾಟರಿಯನ್ನು ಒತ್ತಿಹಿಡಿಯುವ ಉಕ್ಕಿನ ಪಟ್ಟಿ ಹಾದುಹೋಗುತ್ತದೆ. ಆ ಪಟ್ಟಿ ಉದ್ದನೆಯ ಬೋಲ್ಟ್‌ಗಳ ಮೂಲಕ ಕಾರಿನ ಮೈಗೆ ಸೇರಿದೆ, ಮೈ ಪಾಸಿಟಿವ್‌ಗೆ ಸೇರಿದೆ. ಅಂದರೆ ಈ ಪಟ್ಟಿಗೂ ನೆಗೆಟಿವ್ ಕಂಬಕ್ಕೂ ನಡುವೆ ಉಳಿಯುವುದು ಒಂದು ಬೆರಳಿನಷ್ಟೂ ಇಲ್ಲದ ಸಂದು. ರಸ್ತೆಯ ಗುಂಡಿಯೊಂದರಲ್ಲಿ ಬ್ಯಾಟರಿ ಸ್ವಲ್ಪ ಜರುಗಿ ಅವೆರಡೂ ತಾಗಿದರೆ ನೂರಾರು ಆಂಪಿಯರ್ ವಿದ್ಯುತ್ ನೇರವಾಗಿ ಹರಿಯುತ್ತದೆ. ಬ್ಯಾಟರಿಯಿಂದ ಹೊರಟ ದಪ್ಪ ತಂತಿಗೆ ಆ ಕಾಲದ ಕಾರುಗಳಲ್ಲಿ ಫ್ಯೂಸ್ ಇರುವುದಿಲ್ಲ. ಇದ್ದರೂ ಕಂಬದಲ್ಲಿಯೇ ಆದ ಶಾರ್ಟ್‌ಗೆ ಅದು ಅಡ್ಡ ಬರುತ್ತಿರಲಿಲ್ಲ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಂಡು ಯೋಚಿಸಿ. ತಿರುಗಿಸಿ ಇಡಿ ಎನ್ನುವವರು ಈ ಕಾರಿನಲ್ಲಿ ಕುಳಿತು ಪ್ರಯಾಣ ಮಾಡುವವರಲ್ಲ.

ತಿರುಗಿಸದೆ ಹಾಗೆಯೇ ಇಟ್ಟು ತಂತಿಗಳನ್ನು ಉದ್ದ ಮಾಡಿಕೊಳ್ಳಬಹುದಿತ್ತು, ನಿಜ. ಆದರೆ ಹೆಣೆದ ತಾಮ್ರದ ಈ ಅರ್ಥ್ ಪಟ್ಟಿ ಗಿಡ್ಡವಾಗಿರುವುದೇ ಒಳ್ಳೆಯದು. ಸ್ಟಾರ್ಟರ್ ಎಳೆಯುವ ವಿದ್ಯುತ್ತೆಲ್ಲ ಅದರ ಮೂಲಕವೇ ಹಿಂದಿರುಗಬೇಕು, ಉದ್ದವಾದಷ್ಟೂ ವೋಲ್ಟ್ ಅದರಲ್ಲಿಯೇ ಕರಗುತ್ತದೆ. ಜೊತೆಗೆ ಮೈಗೆ ಸೇರದ ನೆಗೆಟಿವ್ ತಂತಿ ಬ್ಯಾಟರಿಯ ಮೇಲೆ ಅಡ್ಡಲಾಗಿ ಹಾದು ಆ ಉಕ್ಕಿನ ಪಟ್ಟಿಗೆ ಉಜ್ಜಿಕೊಳ್ಳುತ್ತಿರುತ್ತದೆ. ಹೀಗಾಗಿ ಆ ಬ್ಯಾಟರಿಯನ್ನು ಹಿಂದಿರುಗಿಸಿದೆ. ಎರಡನೆಯದನ್ನು ತರಿಸುವ ಮೊದಲು ರಟ್ಟಿನಿಂದ ಅದೇ ಅಳತೆಯ ಪೆಟ್ಟಿಗೆ ಮಾಡಿ, ಕಂಬಗಳ ಜಾಗದಲ್ಲಿ ಬಿರಡೆಗಳನ್ನು ಅಂಟಿಸಿ, ತಟ್ಟೆಯಲ್ಲಿ ಕೂರಿಸಿ ನೋಡಿದೆ. ಈ ಒಂದು ಕೆಲಸಕ್ಕೆ ಮಾರಾಟಗಾರರ ಯಾವ ಪಟ್ಟಿಯೂ ಸಾಟಿಯಲ್ಲ.

ಹೊಸದು ಬಂದಿದೆ. ಇದು ದ್ರವ ಆಮ್ಲವಿರುವ ಸಾಮಾನ್ಯ ಬ್ಯಾಟರಿ. ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟಿರುವ ಎಜಿಎಂ ಬ್ಯಾಟರಿ ಈ ಕಾರಿಗೆ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಂಪಿಸುವ ಸಂಪರ್ಕಬಿಂದುಗಳಿಂದ ಕೆಲಸ ಮಾಡುವ ಹಳೆಯ ರೆಗ್ಯುಲೇಟರ್ ಚಾರ್ಜಿಂಗ್ ವೋಲ್ಟೇಜನ್ನು ಅಷ್ಟು ನಿಖರವಾಗಿ ಹಿಡಿದಿಡುವುದಿಲ್ಲ, ಹೆಚ್ಚಾದ ಚಾರ್ಜನ್ನು ಸಾಮಾನ್ಯ ಬ್ಯಾಟರಿ ಸಹಿಸಿಕೊಂಡಷ್ಟು ಎಜಿಎಂ ಸಹಿಸುವುದಿಲ್ಲ. ಆದರೆ ಬೀಟಲ್‌ನಂತೆ ಬ್ಯಾಟರಿ ಪ್ರಯಾಣಿಕರ ಕೆಳಗೇ ಇದ್ದರೆ, ಆಮ್ಲ ಚೆಲ್ಲದಿರುವುದೇ ದೊಡ್ಡ ಲಾಭ. ಅಲ್ಲಿ ನಾನು ರೆಗ್ಯುಲೇಟರನ್ನು ಪರೀಕ್ಷಿಸಿಕೊಂಡು ಎಜಿಎಂ ಅನ್ನೇ ಹಾಕುತ್ತಿದ್ದೆ. ಆದ್ದರಿಂದ ಸ್ಪಷ್ಟ ಅಭಿಪ್ರಾಯ ಎಂದದ್ದನ್ನು ಈ ಕಾರಿಗಷ್ಟೇ ಸೀಮಿತಗೊಳಿಸುತ್ತೇನೆ.

ಹೆಚ್ಚು ಸಾಮರ್ಥ್ಯದ ಬ್ಯಾಟರಿ ಹಾಕಿದರೆ ಸ್ಟಾರ್ಟರ್ ಸುಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ವೋಲ್ಟೇಜ್ ಸರಿಯಿದ್ದರೆ ಸ್ಟಾರ್ಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ತೊಂದರೆ ಇರುವುದು ಮರಳಿ ತುಂಬಿಸುವ ಕಡೆ. ಎಂಜಿನ್ನಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ, ಈ ತಲೆಮಾರಿನ ಲೂಕಾಸ್ ಕಂಪನಿಯ ಡೈನಮೊಗಳು ಕೊಡುವುದು ಹೆಚ್ಚೆಂದರೆ 19ರಿಂದ 22 ಆಂಪಿಯರ್, ಎಂಜಿನ್ ನಿಧಾನವಾಗಿ ತಿರುಗುವಾಗ ಬಹುತೇಕ ಏನೂ ಇಲ್ಲ. ಹಾಗಾಗಿ ಹೊಸ ಬ್ಯಾಟರಿಯನ್ನು ಡೈನಮೊ ತುಂಬಿಸಲಿ ಎಂದು ಬಿಡದೆ, ಚಾರ್ಜರ್‌ನಿಂದ ಪೂರ್ತಿ ತುಂಬಿಸಿಯೇ ತಂದಿದ್ದೇನೆ. ಮಲ್ಟಿಮೀಟರ್ 12.7 ವೋಲ್ಟ್ ತೋರಿಸುತ್ತಿದೆ.

ಇನ್ನು ಹಳೆಯ ತಂತಿಗಳ ತುದಿಯ ಈ ಸೀಸದ ಟೊಪ್ಪಿಗೆಗಳು. ಕಂಬದ ಮೇಲೆ ಟೊಪ್ಪಿಗೆ ಕೂರಿಸಿ, ನಡುವೆ ಒಂದು ಸ್ಕ್ರೂವನ್ನು ಕಂಬದ ಸೀಸದೊಳಕ್ಕೆ ತಿರುಗಿಸುವುದು ಹಳೆಯ ಪದ್ಧತಿ. ಇದನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ ಸಲ್ಲುವುದಿಲ್ಲ. ಹೊಸ ಕಂಬದಲ್ಲಿ ರಂಧ್ರವಿಲ್ಲದ ಕಾರಣ ಕೊರೆಯಬೇಕು, ಕೊರೆದ ಸೀಸದ ಪುಡಿಯನ್ನು ಎಚ್ಚರದಿಂದ ತೆಗೆಯಬೇಕು, ಸ್ಕ್ರೂ ಸಡಿಲವಾದರೆ ಕಾರು ನಡುರಸ್ತೆಯಲ್ಲಿ ಮೌನವಾಗುತ್ತದೆ. ಹಾಗಾಗಿ ಕಂಬದ ಸುತ್ತ ಬಿಗಿಯುವ ಹಿಡಿಕೆಗಳನ್ನೇ ಹಾಕಿದ್ದೇನೆ. ಕೊಳ್ಳುವಾಗ ಒಂದು ವಿಷಯ ನೆನಪಿಡಿ: ಪಾಸಿಟಿವ್ ಕಂಬ ನೆಗೆಟಿವ್‌ಗಿಂತ ಸುಮಾರು 1.6 ಮಿಲಿಮೀಟರ್ ದಪ್ಪ. ಇಂದಿನ ಅರ್ಥ್ ಪಟ್ಟಿಗಳ ಹಿಡಿಕೆ ಸಣ್ಣ ನೆಗೆಟಿವ್ ಕಂಬಕ್ಕಾಗಿ ಮಾಡಿದ್ದು, ನಮ್ಮ ಕಾರಿನಲ್ಲಿ ಅರ್ಥ್ ದಪ್ಪ ಕಂಬಕ್ಕೆ ಹೋಗಬೇಕು. ಸುತ್ತಿಗೆಯಿಂದ ಬಡಿದು ಕೂರಿಸುವ ವಿದ್ಯೆಯನ್ನು ದಯವಿಟ್ಟು ಪ್ರಯೋಗಿಸಬೇಡಿ. ಕಂಬ ಅಲುಗಾಡಿ ಒಳಗಿನ ಜೋಡಣೆ ಬಿರುಕು ಬಿಡುತ್ತದೆ. ಹಾಗೆಂದು ಆ ಟೊಪ್ಪಿಗೆಗಳನ್ನು ಎಸೆಯುವುದಿಲ್ಲ. ಒರೆಸಿಟ್ಟು ನೋಡಿದರೆ ಬಾನೆಟ್ ಒಳಗೆ ಅವೇ ಚೆನ್ನಾಗಿ ಕಾಣುತ್ತವೆ ಎಂದು ಈಗ ಅನ್ನಿಸುತ್ತಿದೆ.

ನೆಗೆಟಿವ್ ಜೋಡಿಸಿಯಾಯಿತು, ಕೊನೆಗೆ ಅರ್ಥ್. ಎರಡಕ್ಕೂ ತೆಳುವಾಗಿ ವ್ಯಾಸಲೀನ್ ಸವರಿದ್ದೇನೆ. ಬಾನೆಟ್ ಮುಚ್ಚುವ ಮೊದಲು ನೆಗೆಟಿವ್ ಕಂಬದ ಮೇಲೆ ಒಂದು ಜೇಡಿಮಣ್ಣಿನ ಉಂಡೆ ಇಟ್ಟು, ನಿಧಾನವಾಗಿ ಇಳಿಸಿ ಮತ್ತೆ ತೆರೆಯುತ್ತಿದ್ದೇನೆ. ಉಂಡೆ ಚಪ್ಪಟೆಯಾಗಿಲ್ಲ, ಎತ್ತರ ಸಾಕು. ರಬ್ಬರ್ ಮುಚ್ಚಳವನ್ನೂ ಹಾಕಿದ್ದೇನೆ.

ಸ್ಟಾರ್ಟರ್ ಹಿಡಿಯನ್ನು ಎಳೆಯುತ್ತಿದ್ದೇನೆ. ಮೀಟರನ್ನು ನೋಡಿ, ಸ್ಟಾರ್ಟರ್ ಎಂಜಿನನ್ನು ತಿರುಗಿಸುವಾಗ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಹತ್ತರ ಮೇಲೆಯೇ ನಿಂತಿತು. ವೇಗ ಹೆಚ್ಚಿಸಿದಾಗ ಕೆಂಪು ದೀಪವೂ ಆರಿತು, ಅಂದರೆ ಡೈನಮೊ ಚಾರ್ಜ್ ಮಾಡುತ್ತಿದೆ. ಒತ್ತಿಹಿಡಿಯುವ ಪಟ್ಟಿಯ ನಟ್‌ಗಳನ್ನು ಮೊದಲ ಓಡಾಟದ ನಂತರ ಇನ್ನೊಮ್ಮೆ ಬಿಗಿಯಬೇಕು. ಕ್ಯಾಮೆರಾದ ಬ್ಯಾಟರಿಯೂ ಮುಗಿಯುತ್ತಾ ಬಂದಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.