ಕೂದಲೆಳೆಯ ಗೆರೆ

ಕೇಳುಗರೇ, ನಮಸ್ಕಾರ.

ಇಂಗ್ಲಿಷಿನ ದೊಡ್ಡ ಓ ಅಕ್ಷರವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಎಡಕ್ಕೆ, ಬಲಕ್ಕೆ ಅದರ ಮೈ ದಪ್ಪ. ಮೇಲೆ ಹೋಗುತ್ತಾ ಹೋಗುತ್ತಾ ಸಣ್ಣಗಾಗಿ, ನೆತ್ತಿಯಲ್ಲಿ ಬರೀ ಕೂದಲೆಳೆ. ಇಳಿಯುತ್ತಾ ಮತ್ತೆ ದಪ್ಪ, ಬುಡದಲ್ಲಿ ಮತ್ತೆ ಎಳೆ. ಫ್ಯಾಷನ್ ಪತ್ರಿಕೆಗಳ ಮುಖಪುಟದಲ್ಲಿ, ಸೆಂಟ್ ಬಾಟಲಿಗಳ ಮೇಲೆ ಇಂಥ ಅಕ್ಷರವನ್ನು ನೀವು ನೋಡೇ ಇರುತ್ತೀರಿ. ಹೈ ಕಾಂಟ್ರಾಸ್ಟ್ ಸೆರಿಫ್ ಅಂತಾರೆ. ಕಾಂಟ್ರಾಸ್ಟ್ ಅಂದರೆ ಇಲ್ಲಿ ಬಣ್ಣದ ಮಾತಲ್ಲ, ದಪ್ಪ ಗೆರೆಗೂ ಸಣ್ಣ ಗೆರೆಗೂ ಇರುವ ಅಂತರ. ಸೆರಿಫ್ ಅಂದರೆ ಗೆರೆಯ ತುದಿಯಲ್ಲಿರುವ ಪುಟ್ಟ ಪಾದ.

ಈ ದಪ್ಪ ಸಣ್ಣದ ಆಟ ಬಂದದ್ದು ಲೇಖನಿಯಿಂದ. ಚೂಪು ಮೊನೆಯ ನಿಬ್ಬನ್ನು ಒತ್ತಿ ಕೆಳಕ್ಕೆಳೆದರೆ ಮೊನೆ ಬಿಚ್ಚಿಕೊಂಡು ಗೆರೆ ದಪ್ಪ ಬರುತ್ತದೆ. ಒತ್ತದೆ ಮೇಲಕ್ಕೆ ಒಯ್ದರೆ ಸಣ್ಣ. ಅದನ್ನೇ ಸೀಸದ ಅಚ್ಚುಮೊಳೆಗೆ ತರುವುದು ಸುಲಭವಾಗಿರಲಿಲ್ಲ. ಮೊದಲು ಉಕ್ಕಿನ ತುಂಡಿನ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೆತ್ತಬೇಕು. ಅದನ್ನು ತಾಮ್ರಕ್ಕೆ ಬಡಿದರೆ ಅಚ್ಚಿನ ಗುಳಿ. ಆ ಗುಳಿಗೆ ಕಾಯಿಸಿದ ಸೀಸ ಹೊಯ್ದರೆ ಮೊಳೆ. ಇಷ್ಟು ದಾಟಿ ಬಂದ ಎಳೆಯನ್ನು ಒರಟು ಕಾಗದ ಒಂದೇ ಏಟಿಗೆ ಕೆಡಿಸಿಬಿಡುತ್ತಿತ್ತು.

ಹಾಗಾಗಿ ಅಕ್ಷರಕ್ಕಿಂತ ಮೊದಲು ಕಾಗದ ಸುಧಾರಿಸಬೇಕಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಬಾಸ್ಕರ್ವಿಲ್ ಅದಕ್ಕೇ ಕೈ ಹಾಕಿದರು. ನುಣುಪು ಕಾಗದ, ಗಾಢ ಕಪ್ಪು ಮಸಿ, ಅಚ್ಚಾದ ಹಾಳೆಯನ್ನು ಬಿಸಿ ತಗಡುಗಳ ನಡುವೆ ಒತ್ತುವುದು, ಇವೆಲ್ಲ ಸೇರಿ 1757ರಲ್ಲಿ ಅವರ ಮೊದಲ ಪುಸ್ತಕ ಹೊರಬಂತು. ಕೆಲವರು ಹೊಗಳಿದರು, ಕೆಲವರು ಕಣ್ಣು ಹಾಳಾಗುತ್ತೆ ಅಂದರು. ಹೀಗೆ ದೂರಿದ ಒಬ್ಬರಿಗೆ, ಅಮೆರಿಕದ ಮುದ್ರಕರೂ ರಾಜಕಾರಣಿಯೂ ಆಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಒಂದು ಪರೀಕ್ಷೆ ಇಟ್ಟರು. ಕ್ಯಾಸ್ಲನ್ ಎಂಬ ಬೇರೆ ಅಚ್ಚಿನ ಹಾಳೆಯ ತಲೆಬರಹ ಹರಿದು, ಬಾಸ್ಕರ್ವಿಲ್‌ನದು ಎಂದು ಕೈಗಿತ್ತರು. ಆತ ಅದರಲ್ಲೇ ಒಂದೊಂದಾಗಿ ತಪ್ಪು ತೋರಿಸುತ್ತಾ ಹೋದರಂತೆ! ಇದನ್ನು ಫ್ರಾಂಕ್ಲಿನ್ನರೇ ಬಾಸ್ಕರ್ವಿಲ್‌ಗೆ ಪತ್ರದಲ್ಲಿ ಬರೆದಿದ್ದಾರೆ.

ದಪ್ಪ ಸಣ್ಣದ ಆ ಆಟವನ್ನು ತುತ್ತತುದಿಗೆ ಒಯ್ದವರು ಪ್ಯಾರಿಸಿನ ಫಿರ್ಮಿನ್ ಡಿಡೊ ಮತ್ತು ಇಟಲಿಯ ಪಾರ್ಮಾದಲ್ಲಿದ್ದ ಜಾಂಬಾಟಿಸ್ಟಾ ಬೊಡೋನಿ. ಇವರ ಕೈಯಲ್ಲಿ ಸೆರಿಫ್ ಚಪ್ಪಟೆ ಎಳೆಯಾಯಿತು. ದಪ್ಪ ಕಂಬ ಆ ಎಳೆಯ ಮೇಲೆ ನೇರವಾಗಿ ನಿಂತಿತು, ನಡುವೆ ಬಾಗು ಇಲ್ಲ. ಸಣ್ಣ ಎಫ್ ಅಕ್ಷರದ ತುದಿಯನ್ನು ಹತ್ತಿರದಿಂದ ನೋಡಿ. ಗೆರೆ ಎಳೆಯಾಗಿ ಬಾಗಿ, ಕೊನೆಯಲ್ಲಿ ಮಸಿಯ ಹನಿಯೊಂದು ತೂಗುತ್ತಿರುತ್ತದೆ. ಆ ಹನಿ ಇಲ್ಲದಿದ್ದರೆ ಎಳೆ ಗಾಳಿಯಲ್ಲೇ ಕಳೆದುಹೋದಂತೆ ಕಾಣುತ್ತಿತ್ತು. ನನಗೆ ಈ ಅಕ್ಷರಗಳಲ್ಲಿ ತುಂಬಾ ಇಷ್ಟವಾಗುವ ಜಾಗವೇ ಅದು. ಬೊಡೋನಿ 1813ರಲ್ಲಿ ತೀರಿಕೊಂಡರು. ಅವರ ಅಚ್ಚುಗಳ ಮಾದರಿ ಗ್ರಂಥವನ್ನು 1818ರಲ್ಲಿ ಎರಡು ಸಂಪುಟಗಳಾಗಿ ಹೊರತಂದದ್ದು ಅವರ ಹೆಂಡತಿ ಮಾರ್ಗರಿಟಾ.

ಈಗ ನನಗೇ ಆದ ಒಂದು ಅನುಭವ. ಕೆಲವು ವರ್ಷಗಳ ಹಿಂದೆ ಒಂದು ಪುಸ್ತಕದ ಹೊದಿಕೆ ಮಾಡುತ್ತಿದ್ದೆ. ಮುಂಬದಿಯ ಶೀರ್ಷಿಕೆಗೆ ಬೊಡೋನಿ ಜಾತಿಯ ಅಕ್ಷರ ಚೆನ್ನಾಗಿ ಒಪ್ಪಿತ್ತು. ಅದೇ ಖುಷಿಯಲ್ಲಿ ಹಿಂಬದಿಯ ಪರಿಚಯಕ್ಕೂ ಅದನ್ನೇ ಹಾಕಿದೆ. ಕಪ್ಪು ನೆಲ, ಬಿಳಿ ಅಕ್ಷರ, ಅಳತೆ ಎಂಟು ಪಾಯಿಂಟ್. ಪಾಯಿಂಟ್ ಅಂದರೆ ಅಕ್ಷರದ ಗಾತ್ರ ಅಳೆಯುವ ಮಾನ, ಎಂಟು ಅಂದರೆ ಸಣ್ಣದೇ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಾಗ ಸೊಗಸಾಗಿತ್ತು. ಅಚ್ಚಾಗಿ ಬಂದಾಗ ಕಪ್ಪು ಮಸಿ ಹರಡಿ ಬಿಳಿ ಎಳೆಗಳನ್ನೆಲ್ಲ ನುಂಗಿತ್ತು. ಸಣ್ಣ ಇ ಅಕ್ಷರದ ಅಡ್ಡಗೆರೆ ಮಾಯವಾಗಿ ಅದು ಸಿ ಆಗಿತ್ತು. ಎನ್ ಅನ್ನುವುದು ಜೊತೆಗೆ ನಿಂತ ಎರಡು ಕಡ್ಡಿ. ಓದಲು ಕೂತವರು ಪಾಪ, ಪುಟವನ್ನು ಬೆಳಕಿಗೆ ಓರೆ ಮಾಡಿ ಹಿಡಿಯುತ್ತಿದ್ದರು. ಮುದ್ರಣದವರದ್ದು ಏನೂ ತಪ್ಪಿಲ್ಲ. ಆಯ್ಕೆ ನನ್ನದು.

ಹಳೆಯ ಕೆತ್ತನೆಗಾರರು ಈ ಎಡವಟ್ಟಿಗೆ ಸಿಕ್ಕುತ್ತಿರಲಿಲ್ಲ. ಪ್ರತಿ ಅಳತೆಗೂ ಬೇರೆ ಉಕ್ಕು ಕೆತ್ತಬೇಕಿತ್ತಲ್ವಾ? ಸಣ್ಣ ಅಳತೆಗೆ ಎಳೆಯನ್ನು ತುಸು ದಪ್ಪ ಬಿಡುತ್ತಿದ್ದರು, ಅಕ್ಷರಗಳ ನಡುವೆ ಜಾಗ ಜಾಸ್ತಿ ಕೊಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಎಲ್ಲದಕ್ಕೂ ಬಳಸುವ ರೂಢಿ ಬಂತು. ಅಕ್ಷರ ಕುಗ್ಗಿದರೆ ಎಳೆಯೂ ಕುಗ್ಗುತ್ತದೆ. ಪರದೆಯಲ್ಲಿ ಅದು ಒಂದು ಪಿಕ್ಸೆಲ್‌ಗಿಂತ ಕಡಿಮೆಯಾದರೆ ಮಸುಕು ಬೂದು.

ಈ ಕಷ್ಟ ಅರಿತೇ ಹಾರ್ಪರ್ಸ್ ಬಜಾರ್ ಎಂಬ ಫ್ಯಾಷನ್ ಪತ್ರಿಕೆಗೆ ಅಕ್ಷರ ವಿನ್ಯಾಸಕ ಜೊನಾಥನ್ ಹೋಫ್ಲರ್ ಡಿಡೊ ಅವರ ಅಕ್ಷರಗಳನ್ನು ಹೊಸದಾಗಿ ಬರೆದಾಗ ಏಳು ಅಳತೆಗಳಿಗೆ ಏಳು ಬೇರೆ ರೂಪ ಕೊಟ್ಟರು, 6 ಪಾಯಿಂಟಿನಿಂದ 96ರವರೆಗೆ. ಹಾಗಾಗಿ ತಲೆಬರಹ ಎಷ್ಟೇ ದೊಡ್ಡದಾದರೂ ಎಳೆ ಎಳೆಯಾಗಿಯೇ ಇರುತ್ತದೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಪ್ಲೇಫೇರ್ ಡಿಸ್ಪ್ಲೇ ಅನ್ನುವ ಫಾಂಟ್ ಕೂಡ ಇದೆ. ಡಿಸ್ಪ್ಲೇ ಅಂದರೆ ದೊಡ್ಡದಾಗಿ ತೋರಿಸಲು ಬರೆದದ್ದು ಅಂತ. ಹೆಸರಿನಲ್ಲೇ ಹೇಳಿದ್ದರೂ ಎಷ್ಟೋ ಜನ ಅದರಲ್ಲೇ ಪುಟಗಟ್ಟಲೆ ಬರಹ ಜೋಡಿಸುತ್ತಾರೆ, ನೋಡಿದಾಗ ಮನಸ್ಸಿಗೆ ಬೇಜಾರಾಗುತ್ತದೆ. ಶೀರ್ಷಿಕೆ, ಅಧ್ಯಾಯದ ಮೊದಲ ಅಕ್ಷರ, ದೊಡ್ಡದಾಗಿ ನಿಲ್ಲಿಸುವ ಅಂಕಿ, ಸುತ್ತ ಧಾರಾಳ ಬಿಳಿ ಜಾಗ, ಅಲ್ಲಿ ಅದರ ಚೆಂದವೇ ಬೇರೆ.

ನನ್ನ ಆ ಪುಸ್ತಕ ಎರಡನೆಯ ಸಲ ಅಚ್ಚಿಗೆ ಹೋದಾಗ ಶೀರ್ಷಿಕೆಯನ್ನು ಮುಟ್ಟಲಿಲ್ಲ. ಹಿಂಬದಿಗೆ ಬಿಳಿ ನೆಲ, ಕಪ್ಪು ಮಸಿ, ಗೆರೆಗಳು ಹೆಚ್ಚುಕಮ್ಮಿ ಒಂದೇ ದಪ್ಪವಿರುವ ಅಕ್ಷರ ಹಾಕಿದೆ. ಕಳಿಸುವ ಮೊದಲು ಅದೇ ಅಳತೆಯಲ್ಲಿ ಒಂದು ಹಾಳೆ ಪ್ರಿಂಟ್ ತೆಗೆದು, ಕೈ ಚಾಚಿ ಹಿಡಿದು ಓದಿದೆ. ಇ ಅಕ್ಷರದ ಅಡ್ಡಗೆರೆ ಅದರ ಜಾಗದಲ್ಲೇ ಇತ್ತು.

ನಮಸ್ಕಾರ.