ಚಿಗರಿ ಬಸ್ಸಿನಲ್ಲಿ ಕಂಡ ದಾರ

ನಮಸ್ಕಾರ, ಕೇಳುಗರೇ.

ಹೊಸದಾಗಿ ಕತೆ ಬರೆಯುವ ಹುಡುಗ ಹುಡುಗಿಯರು ನನ್ನ ಹತ್ತಿರ ಒಂದು ಮಾತು ತಪ್ಪದೆ ಹೇಳುತ್ತಾರೆ. "ಬರೀಬೇಕು ಅನಸ್ತದ್ರೀ, ಆದ್ರ ವಿಷಯನ ಹೊಳೀವಲ್ದು. ಎಲ್ಯಾರ ನಾಕ ದಿನ ದೂರ ಹೋಗಿ ಕೂಡಬೇಕು ನೋಡ್ರಿ." ದೂರ ಯಾಕೆ, ಹುಬ್ಬಳ್ಳಿಗೆ ಹೋಗಿ ಬನ್ನಿ ಅಂತೀನಿ ನಾನು. ಆದರೆ ಏನಾದರೂ ಕೆಲಸ ಇಟ್ಟುಕೊಂಡು ಹೋಗಿ. ಮಿಕ್ಸರ್ ರಿಪೇರಿ ಇರಲಿ, ಸೀರೆಗೆ ಫಾಲ್ ಹಚ್ಚಿಸುವುದಿರಲಿ. ಕತೆ ಹುಡುಕುತ್ತೇನೆ ಅಂತಲೇ ಹೊರಟವರ ಕಣ್ಣು ದೊಡ್ಡದನ್ನೇ ಅರಸುತ್ತದೆ. ಜಗಳ, ಅಪಘಾತ, ಅಳು. ಕೆಲಸಕ್ಕೆ ಅಂತ ಹೋದವರು ಸಾಲಿನಲ್ಲಿ ನಿಂತಿರುತ್ತಾರೆ, ಕಾಯುತ್ತಿರುತ್ತಾರೆ. ಹಾಗೆ ಸುಮ್ನೆ ನಿಂತಾಗ ಸಣ್ಣದು ಕಾಣುತ್ತದೆ.

ಧಾರವಾಡ ಹುಬ್ಬಳ್ಳಿ ನಡುವಿನ ಚಿಗರಿ ಬಸ್ಸು ನಿಮಗೆಲ್ಲ ಗೊತ್ತು. 2018ರಲ್ಲಿ ಓಡಲು ಶುರುವಾಯಿತು. ಸುಮಾರು 22 ಕಿಲೋಮೀಟರ್ ದಾರಿ. ಎದುರು ಬದುರು ಯಾರೋ ಕೂತಿರುತ್ತಾರೆ, ಎಲ್ಲರ ಕೈಯಲ್ಲೂ ಫೋನು. ಒಂದು ಸಲ ಜುಬಿಲಿ ಸರ್ಕಲ್‌ನಲ್ಲಿ ಒಬ್ಬ ಅಜ್ಜ ಹತ್ತಿದರು. ಕಾಲ ಬಳಿ ದೊಡ್ಡದೊಂದು ಚೀಲ. ಕೂತವರೇ ಅಂಗಿಯ ಒಳಜೇಬಿನಿಂದ ಒಂದು ದಾರ ತೆಗೆದರು. ಬಿಳಿ ದಾರ, ಕೊಳೆಯಾಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಎರಡೂ ತುದಿಗೆ ಗಂಟು. ಅದನ್ನು ತೊಡೆಯ ಮೇಲೆ ನೆಟ್ಟಗೆ ಹಾಸಿ, ಫೋನಿನಲ್ಲಿ ಹೇಳಿದರು: "ಹ್ವಾದ ವರ್ಷದ ಅಳತಿ ಐತಿ ನನ್ನ ಕಡೆ. ಒಂದ್ ಬಟ್ಟು ಜಾಸ್ತಿ ಹಿಡದು ತರ್ತೇನಿ. ಹೊತ್ತಾಗತೈತಿ, ಅವನ್ನ ಮಲಗಸಬ್ಯಾಡ್ರಿ."

ಆಮೇಲೆ ದಾರವನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿದರು. ಹುಬ್ಬಳ್ಳಿಯ ಹೊಸೂರಿನಲ್ಲಿ ಇಳಿದು ಹೋದರು.

ಅದು ಪಾದದ ಅಳತೆಯ ದಾರ. ಮಕ್ಕಳಿಗೆ ಬೂಟು, ಚಪ್ಪಲಿ ತರುವಾಗ ನಮ್ಮ ಕಡೆ ಹೀಗೇ ಅಳತೆ ಒಯ್ಯುತ್ತಿದ್ದರು, ಹಳ್ಳಿಗಳಲ್ಲಿ ಈಗಲೂ ಒಯ್ಯುವವರಿದ್ದಾರೆ. ನನಗೆ ನಿದ್ದೆ ಕೆಡಿಸಿದ್ದು ದಾರವಲ್ಲ, ಹೋದ ವರ್ಷದ ಅನ್ನೋ ಮಾತು. ಈ ವರ್ಷದ ಅಳತೆ ಯಾಕಿಲ್ಲ?

ಕೇಳಬಹುದಿತ್ತು, ಅಲ್ವಾ? ಪಕ್ಕದಲ್ಲೇ ಇದ್ದೆ. "ಯಾರಿಗ್ರೀ ಯಜಮಾನ್ರ ಬೂಟು?" ಅಂದಿದ್ದರೆ ಅವರು ಹೇಳುತ್ತಿದ್ದರು. ನಮ್ಮ ಕಡೆಯ ಜನ ಬಾಯಿಬಿಟ್ಟು ಕೇಳಿದರೆ ಮುಚ್ಚಿಡುವುದಿಲ್ಲ. ನಾನು ಬೇಕಂತಲೇ ಕೇಳಲಿಲ್ಲ. ಪೂರ್ತಿ ಉತ್ತರ ಸಿಕ್ಕಿದ್ದರೆ ಅದು ಅವರ ಬದುಕಿನ ಸಂಗತಿ ಆಗುತ್ತಿತ್ತು, ಮುಂದೆ ಕಟ್ಟಲು ನನಗೇನೂ ಉಳಿಯುತ್ತಿರಲಿಲ್ಲ.

ಅವತ್ತೇ ರಾತ್ರಿ ಬರೆದಿಟ್ಟುಕೊಂಡೆ. ಹೇಗೆ ಬರೆದೆ ಅನ್ನುವುದು ಮುಖ್ಯ. "ಪಾಪ, ಮೊಮ್ಮಗನಿಂದ ದೂರವಾದ ಅಜ್ಜ" ಅಂತ ಬರೆಯಲಿಲ್ಲ. ಅದು ನನ್ನ ತೀರ್ಪು. ದಾರ, ಎರಡು ಗಂಟು, ಒಳಜೇಬು, ಒಂದ್ ಬಟ್ಟು, ದೊಡ್ಡ ಚೀಲ, ಹೊಸೂರು. ಇಷ್ಟೇ. ಕಂಡದ್ದು ಕಂಡ ಹಾಗೆ, ಆಡಿದ ಮಾತು ಆಡಿದ ಹಾಗೆ. ಅರ್ಥ ಬರೆದಿಟ್ಟರೆ ತಿಂಗಳು ಬಿಟ್ಟು ಓದಿದಾಗ ಆ ಅರ್ಥ ಒಂದೇ ಸಿಗುತ್ತದೆ. ವಸ್ತು ಬರೆದಿಟ್ಟರೆ ಪ್ರತಿ ಸಲ ಬೇರೆ ಏನೋ ಹೊಳೆಯುತ್ತದೆ.

ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವಂಥದ್ದೇ. ಮಗ ಸೊಸೆ ಜಗಳ ಮಾಡಿಕೊಂಡು ಬೇರೆ ಹೋದರು, ಅಜ್ಜನಿಗೆ ಕೂಸನ್ನು ತೋರಿಸಲಿಲ್ಲ. ಇದನ್ನು ಟಿವಿ ಧಾರಾವಾಹಿಯಲ್ಲಿ ಬೇಕಾದಷ್ಟು ನೋಡಿದ್ದೇವೆ. ಬಿಟ್ಟೆ. ಹುಡುಗ ಹಾಸ್ಟೆಲ್‌ನಲ್ಲಿ ಇದ್ದಾನೆ ಅಂದುಕೊಂಡೆ. ಅದೂ ಕೂಡಿ ಬರಲಿಲ್ಲ. ಹಾಸ್ಟೆಲ್‌ನಲ್ಲಿ ಇರುವವನನ್ನು ಮಲಗಿಸಬೇಡಿ ಅಂತ ಯಾರಿಗೆ ಹೇಳುವುದು? ಎಷ್ಟೋ ದಿನ ಆದಮೇಲೆ ಮತ್ತೆ ಆ ಹಾಳೆ ತೆಗೆದಾಗ ಕಣ್ಣಿಗೆ ಬಿದ್ದದ್ದು ಚೀಲ. ಬೂಟು ತರಲು ಹೊರಟವರಿಗೆ ಅಷ್ಟು ದೊಡ್ಡ ಚೀಲ ಯಾಕೆ? ದೂರ ಇದ್ದದ್ದು ಹುಡುಗ ಅಲ್ಲ, ಅಜ್ಜ! ನಮ್ಮ ಜಿಲ್ಲೆಗಳಿಂದ ಎಷ್ಟು ಜನ ಗೋವಾಕ್ಕೆ ದುಡಿಯಲು ಹೋಗುವುದಿಲ್ಲ? ಆ ವಯಸ್ಸಿನಲ್ಲೂ ಹೋಗುತ್ತಾರೆ. ಹೊರಡುವ ದಿನ ಮೊಮ್ಮಗನ ಪಾದ ಅಳೆದು ಒಯ್ದ ದಾರ ಅದು. ವರ್ಷವಿಡೀ ಆ ಜೇಬಿನಲ್ಲೇ ಇತ್ತು. ಅಲ್ಲಿಂದ ನನ್ನ ಕತೆ ಶುರುವಾಯಿತು. ನಿಜವಾಗಿ ಅವರು ಯಾರೋ, ಎಲ್ಲಿಂದ ಬಂದವರೋ. ಕತೆಗೆ ಅದು ಬೇಕಿಲ್ಲ.

ಒಂದು ಮಾತು. ಹೊರಗೆ ಹೋದಾಗ ಕಿವಿಯಲ್ಲಿನ ಇಯರ್‌ಫೋನ್ ತೆಗೆದಿಡಿ. ಬೇರೆಯವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲೂಬೇಡಿ. ಅವರನ್ನು ಕೇಳದೆ ಹಾಗೆ ಮಾಡುವುದು ಸರಿಯಲ್ಲ. ಅದೂ ಅಲ್ಲದೆ, ಯಂತ್ರ ಕೇಳಿಸಿಕೊಳ್ಳುತ್ತದೆ ಅಂತ ಕಿವಿ ಆರಾಮ ಮಾಡುತ್ತದೆ.

ಜಾಗಗಳಿಗೇನು ನಮ್ಮಲ್ಲಿ ಬರವೇ? ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಅತಿ ಉದ್ದದ್ದು. ಮಗಳನ್ನು ಕಳಿಸಲು ಬಂದವರು ಆ ಉದ್ದಕ್ಕೂ ಬೋಗಿ ಹುಡುಕುತ್ತಾ ಏನೇನು ಮಾತಾಡುತ್ತಾರೆ, ಯಾವಾಗ ಸುಮ್ಮನಾಗುತ್ತಾರೆ, ನೋಡಿ. ಧಾರವಾಡದ ಸುಭಾಸ ರಸ್ತೆಯಲ್ಲಿ 1933ರಲ್ಲಿ ಶುರುವಾದ ಪುಸ್ತಕ ಪ್ರಕಾಶನ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಎಷ್ಟೋ ಸಾಹಿತಿಗಳು ಆ ಮೆಟ್ಟಿಲು ಹತ್ತಿದ್ದಾರೆ. ನೀವೂ ಹತ್ತಿ. ಆದರೆ ಇಳಿದು ಬಂದಮೇಲೆ ಸೀದಾ ಮನೆಗೆ ಹೋಗಬೇಡಿ, ಕೆಳಗಿನ ಪೇಟೆಯಲ್ಲೂ ಒಂದು ಸುತ್ತು ಹಾಕಿ.

ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಸುಗ್ಗಿಯಲ್ಲಿ ಹೋಗಿದ್ದೀರಾ? ಊರು ತುಂಬ ಕೆಂಪು. ಡಬ್ಬಿ, ಕಡ್ಡಿ ಅಂತ ಬಗೆಬಗೆಯ ಮೆಣಸಿನಕಾಯಿ ರಾಶಿ. ಹೊಸಬರು ಸೀನುತ್ತಾರೆ, ಕೆಮ್ಮುತ್ತಾರೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುತ್ತಾರೆ ನಿಜ. ದಿನವಿಡೀ ಕೂತು ತೊಟ್ಟು ಮುರಿಯುವ ಹೆಣ್ಣುಮಕ್ಕಳ ಕೈಗೆ ಆ ಕಡಿಮೆ ಖಾರವೇ ಸಾಕು. ಅಲ್ಲಿ ಒಬ್ಬ ತಾಯಿಯ ಹತ್ತಿರ ಅವಳ ಕೂಸು ಓಡಿ ಬಂತು. ಅವಳು ಎರಡೂ ಅಂಗೈ ದೂರ ಚಾಚಿ, ಮೊಣಕೈಯಲ್ಲೇ ಕೂಸನ್ನು ಒತ್ತಿ ಹಿಡಿದಳು. "ಕೈ ಖಾರ ಐತಿ ಬಂಗಾರ, ತಡಿ" ಅಂದಳು. ಯೋಚನೆ ಮಾಡಿ ಮಾಡಿದ್ದಲ್ಲ, ಮೈಗೇ ರೂಢಿಯಾಗಿಬಿಟ್ಟಿತ್ತು. ಮನೆಯಲ್ಲಿ ಕೂತು ಎಷ್ಟು ತಲೆ ಓಡಿಸಿದರೂ ಇದು ನನಗೆ ಹೊಳೆಯುತ್ತಿರಲಿಲ್ಲ.

ಹೀಗೆ ಸಿಕ್ಕಿದ್ದನ್ನು ಬರೆಯುವಾಗ ಅವರ ಮಾನ ಕಾಯುವುದು ನಮ್ಮ ಹೊಣೆ. ಆ ತಾಯಿಯನ್ನು ನನ್ನ ಕತೆಗೆ ತರುವಾಗ ಅವಳ ವಯಸ್ಸು ಬದಲಿಸಿದೆ. ಊರು ಬದಲಿಸಿದೆ, ಮನೆಯವರನ್ನೆಲ್ಲ ಬೇರೆ ಮಾಡಿದೆ. ಮೆಣಸಿನಕಾಯಿಯನ್ನೂ ಬದಲಿಸಿ ನೋಡಿದೆ, ಹತ್ತಿ, ಶೇಂಗಾ ಅಂತ. ಆಗಲಿಲ್ಲ. ಹತ್ತಿ ಬಿಡಿಸುವ ಕೈ ಕೂಸಿನಿಂದ ದೂರ ಚಾಚಿಕೊಳ್ಳುವುದಿಲ್ಲ. ಹಾಗಾಗಿ ಮೆಣಸಿನಕಾಯಿ ಒಂದನ್ನು ಹಾಗೇ ಉಳಿಸಿಕೊಂಡೆ.

ನಮಸ್ಕಾರ.